ಜ್ವರ ಬಿಟ್ಟ ಮೇಲೆ ಬೀಳುವ ಕೈಕಾಲು

2014ರ ಮಾರ್ಚ್ 27ರಂದು ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯದ 11 ದೇಶಗಳಿಗೆ ಪೋಲಿಯೊಮುಕ್ತ ಪ್ರಮಾಣಪತ್ರ ಕೊಟ್ಟಿತು. ಅದೇ ವರ್ಷದ ಆಗಸ್ಟ್‌ನಿಂದ ಅಮೆರಿಕದ ಕೊಲೊರಾಡೊ ರಾಜ್ಯದ ಮಕ್ಕಳ ಆಸ್ಪತ್ರೆಗೆ ಒಬ್ಬರ ಹಿಂದೊಬ್ಬರಂತೆ ಮಕ್ಕಳು ಬರತೊಡಗಿದರು. ಒಬ್ಬನ ಕೈ ಮೇಲೇಳುತ್ತಿರಲಿಲ್ಲ, ಇನ್ನೊಬ್ಬಳಿಗೆ ಕತ್ತು ನಿಲ್ಲುತ್ತಿರಲಿಲ್ಲ, ಮತ್ತೊಬ್ಬನ ಮುಖದ ಒಂದು ಬದಿ ಜೋತುಬಿದ್ದಿತ್ತು. ಎರಡು ತಿಂಗಳಲ್ಲಿ ಇಂಥ 12 ಮಕ್ಕಳು ಸಿಕ್ಕರು. ನೋಡಲು ಅದು ಹಳೆಯ ಪುಸ್ತಕಗಳಲ್ಲಿ ವರ್ಣಿಸಿದ ಪೋಲಿಯೊ. ಪರೀಕ್ಷೆಯಲ್ಲಿ ಮಾತ್ರ ಪೋಲಿಯೊ ವೈರಸ್‌ನ ಸುಳಿವೇ ಇಲ್ಲ.

ಪೋಲಿಯೊ ತೊಲಗಿದರೆ ಮಕ್ಕಳ ಲಕ್ವವೂ ತೊಲಗಿತು ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಕಾಲು ಬಿದ್ದುಹೋಗುವುದು ಒಂದು ಲಕ್ಷಣ. ಅದರ ಹಿಂದಿರುವ ಕಾಯಿಲೆಗಳು ಹಲವು, ಅವುಗಳಲ್ಲಿ ಪೋಲಿಯೊ ಒಂದು. ಪೋಲಿಯೊದ ಗದ್ದಲದಲ್ಲಿ ಅದರ ಒಡಹುಟ್ಟಿದವರನ್ನು ಯಾರೂ ಗಮನಿಸಿರಲಿಲ್ಲ. ಅವರು ಈಗಷ್ಟೇ ಕಣ್ಣಿಗೆ ಬೀಳುತ್ತಿದ್ದಾರೆ.

ಪೆಟ್ಟು ಬೀಳುವ ಜಾಗ

ಕೈ ಎತ್ತು ಎಂಬ ಆಜ್ಞೆ ಮಿದುಳಿನಿಂದ ಹೊರಟು ಮಿದುಳುಬಳ್ಳಿಯಲ್ಲಿ ಇಳಿದು ಬರುತ್ತದೆ. ಮಿದುಳುಬಳ್ಳಿಯ ಒಳಗೆ ಬೂದು ಬಣ್ಣದ ಭಾಗವೊಂದಿದೆ. ಅದರ ಮುಂಬದಿಯಲ್ಲಿರುವ ಚಾಲಕ ನರಕೋಶಗಳು ಆ ಆಜ್ಞೆಯನ್ನು ಪಡೆದು, ತಮ್ಮದೇ ಉದ್ದನೆಯ ತಂತುವಿನ ಮೂಲಕ ಸ್ನಾಯುವಿಗೆ ಮುಟ್ಟಿಸುತ್ತವೆ. ಪೋಲಿಯೊ ಮತ್ತು ಅದರ ಬಳಗದ ವೈರಸ್‌ಗಳು ಹೊಕ್ಕು ಕೊಲ್ಲುವುದು ಈ ಕೋಶಗಳನ್ನೇ. ಕೋಶ ಸತ್ತರೆ ಅದಕ್ಕೆ ಸೇರಿದ ಸ್ನಾಯುವಿನ ಎಳೆಗಳು ಅನಾಥ. ಕೈ ಅಥವಾ ಕಾಲು ಸ್ವಾಧೀನ ತಪ್ಪಿ ಜೋಲುತ್ತದೆ, ಮೊಣಕಾಲಿಗೆ ಸುತ್ತಿಗೆ ತಟ್ಟಿದರೆ ಪಾದ ಜಿಗಿಯುವುದಿಲ್ಲ, ಕೆಲವೇ ವಾರಗಳಲ್ಲಿ ಮಾಂಸಖಂಡ ಕರಗಿ ಕಾಲು ಸಣಕಲಾಗುತ್ತದೆ.

ಸ್ಪರ್ಶವನ್ನು ಹೊತ್ತು ತರುವ ನರಗಳ ದಾರಿ ಬೇರೆ, ಅದು ಹಿಂಬದಿಯಿಂದ ಹೋಗುತ್ತದೆ. ಆದ್ದರಿಂದ ಅಲುಗದ ಕಾಲಿಗೂ ಚಿವುಟಿದರೆ ನೋವಾಗುತ್ತದೆ. ಅನುಭವಿ ವೈದ್ಯರು ಮಗುವಿನ ಪಾದಕ್ಕೆ ಕಚಗುಳಿ ಇಟ್ಟು ಅದರ ಮುಖ ನೋಡುವುದು ಇದಕ್ಕಾಗಿಯೇ. ವಯಸ್ಸಾದವರಿಗೆ ರಕ್ತನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿನಲ್ಲಿ ಪೆಟ್ಟು ಬೀಳುವುದು ಮಿದುಳಿನಲ್ಲಿ. ಅಲ್ಲಿ ಕೈಕಾಲು ಕ್ರಮೇಣ ಬಿಗಿಯಾಗುತ್ತವೆ, ಇಲ್ಲಿ ಸಡಿಲವಾಗಿಯೇ ಉಳಿಯುತ್ತವೆ. ಹೀಗಾಗಿ ವೈದ್ಯಕೀಯದಲ್ಲಿ ಇದನ್ನು ಅಕ್ಯೂಟ್ ಫ್ಲಾಸಿಡ್ ಪ್ಯಾರಾಲಿಸಿಸ್, ಚಿಕ್ಕದಾಗಿ ಎಎಫ್‌ಪಿ ಎನ್ನುತ್ತಾರೆ. ಹಠಾತ್ತಾಗಿ ಬರುವ, ಜೋಲುಬೀಳಿಸುವ ಲಕ್ವ ಎಂದರ್ಥ.

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಆದರೆ ಬದುಕುಳಿದ ಪಕ್ಕದ ಕೋಶಗಳು ಹೊಸ ಕವಲೊಡೆದು ಅನಾಥವಾದ ಎಳೆಗಳನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತವೆ. ಮೊದಲ ತಿಂಗಳುಗಳಲ್ಲಿ ಕಾಣುವ ಚೇತರಿಕೆಯ ಬಹುಭಾಗ ಇದರಿಂದ ಬಂದದ್ದು. ಈ ಹೆಚ್ಚುವರಿ ಹೊರೆಗೆ ಬೆಲೆಯೂ ಇದೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಹೇಗೋ ನಡೆದಾಡಿಕೊಂಡಿದ್ದವರಲ್ಲಿ ಕೆಲವರಿಗೆ ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ನಿಶ್ಶಕ್ತಿ ಶುರುವಾಗುತ್ತದೆ, ದಶಕಗಳ ಕಾಲ ದುಡಿದ ಕೋಶಗಳು ಸೋಲುತ್ತವೆ.

ಹಳೆಯ ಅಪರಾಧಿ

ಪೋಲಿಯೊ ವೈರಸ್ ಬಾಯಿಂದ ಹೊಕ್ಕು ಕರುಳಿನಲ್ಲಿ ಬೆಳೆದು ಮಲದಲ್ಲಿ ಹೊರಬೀಳುತ್ತದೆ. ಸೋಂಕು ತಗುಲಿದ ಮಕ್ಕಳಲ್ಲಿ ಬಹುಪಾಲಿಗೆ ಏನೂ ಆಗುವುದಿಲ್ಲ. ಸುಮಾರು 200 ಸೋಂಕಿಗೆ ಒಂದರಂತೆ ಲಕ್ವ ಕಾಣಿಸಿಕೊಳ್ಳುತ್ತದೆ. ಒಂದು ಊರಿನಲ್ಲಿ ಒಂದು ಮಗುವಿನ ಕಾಲು ಬಿತ್ತೆಂದರೆ ಅಷ್ಟರಲ್ಲಾಗಲೇ ನೂರಾರು ಮಕ್ಕಳ ಹೊಟ್ಟೆಯೊಳಗೆ ವೈರಸ್ ಹಾದುಹೋಗಿರುತ್ತದೆ. ಈ ಲೆಕ್ಕ ಗೊತ್ತಿದ್ದವರಿಗೆ, ಒಂದೇ ಒಂದು ಪ್ರಕರಣಕ್ಕೆ ಇಡೀ ಜಿಲ್ಲಾಡಳಿತ ಓಡಾಡುವುದು ಅತಿಯೆನಿಸುವುದಿಲ್ಲ.

ಕರ್ನಾಟಕಕ್ಕೆ ಇದರ ಬಿಸಿ ತಟ್ಟಿದ್ದು 2003ರಲ್ಲಿ. ರೋಗ ಹಿಂದೆ ಸರಿಯಿತೆಂದು ನಿರಾಳವಾಗಿದ್ದ ರಾಜ್ಯದಲ್ಲಿ ಆ ಒಂದೇ ವರ್ಷ 36 ಪ್ರಕರಣಗಳು ದೃಢಪಟ್ಟವು. ಇಲ್ಲಿನ ಕೊನೆಯ ಪ್ರಕರಣ 2007ರದು. ದೇಶದ ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಎರಡು ವರ್ಷದ ಬಾಲಕಿಯಲ್ಲಿ ಕಂಡಿತು. ಅದಕ್ಕೆ ಎರಡೇ ವರ್ಷ ಹಿಂದೆ, 2009ರಲ್ಲಿ, ಭಾರತದಲ್ಲಿ 741 ಪ್ರಕರಣಗಳಿದ್ದವು, ಜಗತ್ತಿನ ಸುಮಾರು ಅರ್ಧದಷ್ಟು. ಇಷ್ಟು ಕಡಿದಾದ ಇಳಿತ ನಮ್ಮ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಅಪರೂಪ.

ಬಾಯಿಗೆ ಹಾಕುವ ಹನಿಯಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಲಸಿಕೆ ಸರಿಯಾಗಿ ತಲುಪದ ಊರುಗಳಲ್ಲಿ ಅದು ಮಗುವಿನಿಂದ ಮಗುವಿಗೆ ಹಬ್ಬುತ್ತಾ ತಿಂಗಳುಗಟ್ಟಲೆ ಉಳಿದುಕೊಂಡರೆ ಮತ್ತೆ ಹಳೆಯ ಹಲ್ಲು ಮೂಡಿಸಿಕೊಳ್ಳಬಲ್ಲದು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಕೌಂಟಿಯಲ್ಲಿ ಲಸಿಕೆ ಪಡೆಯದ ವಯಸ್ಕನೊಬ್ಬನಿಗೆ, 2024ರಲ್ಲಿ ಯುದ್ಧದ ನಡುವಿನ ಗಾಜಾದಲ್ಲಿ ಹತ್ತು ತಿಂಗಳ ಮಗುವಿಗೆ ಲಕ್ವ ತಂದದ್ದು ಇಂಥ ಲಸಿಕೆಜನ್ಯ ವೈರಸ್. 2024ರ ಆಗಸ್ಟ್‌ನಲ್ಲಿ ಮೇಘಾಲಯದ ಪಶ್ಚಿಮ ಗಾರೊ ಹಿಲ್ಸ್‌ನ ಮಗುವೊಂದರಲ್ಲೂ ಲಸಿಕೆಯಿಂದ ಬಂದ ತಳಿಯೇ ಪತ್ತೆಯಾಯಿತು. ಇದನ್ನು ಕೇಳಿ ಹನಿ ಹಾಕಿಸದೆ ಕೂರುವುದು ತಿರುಗುಮುರುಗಿನ ತರ್ಕ, ಏಕೆಂದರೆ ಆ ತಳಿ ಹುಟ್ಟುವುದೇ ಹನಿ ಬೀಳದ ಕಡೆ. ಹನಿಯ ಜೊತೆಗೆ ಸತ್ತ ವೈರಸ್‌ನ ಚುಚ್ಚುಮದ್ದನ್ನೂ ಭಾರತ 2015ರ ನವೆಂಬರ್‌ನಿಂದ ಸೇರಿಸಿಕೊಂಡಿತು. ಈಗ ಅದನ್ನು ಆರನೇ ವಾರ, ಹದಿನಾಲ್ಕನೇ ವಾರ ಮತ್ತು ಒಂಬತ್ತನೇ ತಿಂಗಳಲ್ಲಿ ಕೊಡುತ್ತಾರೆ.

ಮೂಗಿನಲ್ಲಿ ಅಡಗಿದ ಡಿ68

ಕೊಲೊರಾಡೊದ ಮಕ್ಕಳ ಕಥೆಗೆ ಮರಳೋಣ. ಆ ಬೇಸಿಗೆಯ ಕೊನೆಯಲ್ಲಿ ಕಾನ್ಸಾಸ್ ಸಿಟಿ ಮತ್ತು ಶಿಕಾಗೊದ ಆಸ್ಪತ್ರೆಗಳು ಉಬ್ಬಸ ಹತ್ತಿದ ಮಕ್ಕಳಿಂದ ತುಂಬಿದ್ದವು. ಅವರ ಮೂಗಿನ ಮಾದರಿಯಲ್ಲಿ ಸಿಕ್ಕಿದ್ದು ಪೋಲಿಯೊ ಬಳಗದ್ದೇ ಆದ ಎಂಟೆರೊವೈರಸ್ ಡಿ68. ಹೊಸ ವೈರಸ್ ಏನಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶ್ವಾಸಕೋಶದ ಸೋಂಕಿದ್ದ ನಾಲ್ವರು ಮಕ್ಕಳಲ್ಲಿ ಮೊದಲು ಪತ್ತೆಯಾಗಿದ್ದು, ಆಮೇಲೆ ನಾಲ್ಕು ದಶಕ ಅಲ್ಲೊಂದು ಇಲ್ಲೊಂದು ಎಂಬಂತೆ ಕಾಣಿಸಿಕೊಂಡಿತ್ತು. 2014ರಲ್ಲಿ ಅದು ಅಮೆರಿಕದ 49 ರಾಜ್ಯಗಳಿಗೆ ಹಬ್ಬಿತು. ನೆಗಡಿಯ ಅಲೆ ಎದ್ದಲ್ಲೆಲ್ಲ, ಅದರ ಬೆನ್ನಿಗೇ ಕೈ ಬಿದ್ದ ಮಕ್ಕಳು.

ಈ ಕಾಯಿಲೆಗೆ ಅಕ್ಯೂಟ್ ಫ್ಲಾಸಿಡ್ ಮೈಲೈಟಿಸ್, ಅಂದರೆ ಎಎಫ್‌ಎಂ ಎಂದು ಹೆಸರಿಟ್ಟರು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದೇ ಆಗಸ್ಟ್‌ನಿಂದ ಲೆಕ್ಕ ಇಡತೊಡಗಿತು. 2014ರಲ್ಲಿ 120 ಪ್ರಕರಣ, 2015ರಲ್ಲಿ 22. ಮರುವರ್ಷ 153, ನಂತರ 38. 2018ರಲ್ಲಿ 238, ಬಳಿಕ 47. ವರ್ಷ ಬಿಟ್ಟು ವರ್ಷ ಏರಿ ಇಳಿಯುವ ಈ ತಾಳ 2020ರಲ್ಲಿ ತಪ್ಪಿತು. ಕೋವಿಡ್‌ನ ಮಾಸ್ಕು, ಮುಚ್ಚಿದ ಶಾಲೆಗಳ ನಡುವೆ ಡಿ68 ಹಬ್ಬಲು ದಾರಿಯೇ ಇರಲಿಲ್ಲ. 2022ರಲ್ಲಿ ವೈರಸ್ ಮತ್ತೆ ಜೋರಾಗಿಯೇ ಬಂತು, ಆದರೆ ಲಕ್ವದ ಪ್ರಕರಣಗಳು ಅದರ ಜೊತೆಗೆ ಏರಲಿಲ್ಲ. ಈ ಒಗಟಿಗೆ ಒಪ್ಪಿತ ಉತ್ತರ ಇನ್ನೂ ಬಂದಿಲ್ಲ.

ರೋಗಿಗಳಲ್ಲಿ ಹೆಚ್ಚಿನವರು ಐದು ವರ್ಷದ ಆಸುಪಾಸಿನ ಮಕ್ಕಳು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಮೊದಲು ಜ್ವರ, ಕೆಮ್ಮು, ನೆಗಡಿ ಬಂದು ಹೋಗಿರುತ್ತದೆ. ಸುಮಾರು ಒಂದು ವಾರದೊಳಗೆ, ಮಗು ಗುಣವಾಯಿತು ಎಂದು ಮನೆಯವರು ನಿರಾಳರಾದ ಹೊತ್ತಿಗೆ, ಕತ್ತು ಅಥವಾ ತೋಳಿನಲ್ಲಿ ನೋವು ಕಾಣಿಸುತ್ತದೆ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಕೈ ಸೋಲುತ್ತದೆ. ಪೋಲಿಯೊ ಕಾಲನ್ನು ಹೆಚ್ಚು ಹಿಡಿದರೆ ಡಿ68 ತೋಳನ್ನು, ಅದರಲ್ಲೂ ಭುಜದ ಹತ್ತಿರದ ಸ್ನಾಯುಗಳನ್ನು ಹಿಡಿಯುತ್ತದೆ. ಎರಡೂ ಬದಿ ಸಮನಾಗಿರುವುದು ಕಡಿಮೆ. ಒಂದು ಕೈ ಪೂರ್ತಿ ಬಿದ್ದಿದ್ದರೆ ಇನ್ನೊಂದು ಚೆನ್ನಾಗಿಯೇ ಇರಬಹುದು.

ಅಪರಾಧ ಸಾಬೀತಾಗಲು ವರ್ಷಗಳೇ ಹಿಡಿದವು. ಲಕ್ವ ಕಾಣಿಸುವ ಹೊತ್ತಿಗೆ ಬೆನ್ನುನೀರಿನಲ್ಲಿ ವೈರಸ್ ಸಿಗುವುದೇ ಇಲ್ಲ ಎನ್ನುವಷ್ಟು ವಿರಳ, ನೂರಾರು ಮಾದರಿಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಹೀಗಾಗಿ ಸಿಡಿಸಿ ಬಹಳ ಕಾಲ ಎಚ್ಚರದ ಮಾತನ್ನೇ ಆಡಿತು. ತಂದೆ ತಾಯಿಯರ ಸಂಘಟನೆಗಳು ಮುನಿಸಿಕೊಂಡವು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಬೇರೆ ದಾರಿ ಹಿಡಿಯಿತು. ವೈರಸ್ಸನ್ನು ಬಿಟ್ಟು, ಬೆನ್ನುನೀರಿನಲ್ಲಿ ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು ಹುಡುಕಿತು. ಪರೀಕ್ಷಿಸಿದ 42 ಎಎಫ್‌ಎಂ ಮಕ್ಕಳಲ್ಲಿ ಶೇ. 70ರಷ್ಟು ಮಂದಿಯಲ್ಲಿ ಎಂಟೆರೊವೈರಸ್ ವಿರುದ್ಧದ ಪ್ರತಿಕಾಯಗಳು ಸಿಕ್ಕವು, ಬೇರೆ ನರರೋಗವಿದ್ದವರಲ್ಲಿ ಶೇ. 7ರಷ್ಟು ಮಾತ್ರ. ಇನ್ನೂ ಬಲವಾದ ಸಾಕ್ಷ್ಯ ಬಂದದ್ದು 2022ರಲ್ಲಿ. 2008ರಲ್ಲಿ ತೀರಿಕೊಂಡಿದ್ದ ಐದು ವರ್ಷದ ಹುಡುಗನ ಮಿದುಳುಬಳ್ಳಿಯ ಸಂಗ್ರಹಿತ ತುಣುಕುಗಳನ್ನು ಹೊಸ ತಂತ್ರದಿಂದ ಮರುಪರೀಕ್ಷಿಸಿದಾಗ, ಚಾಲಕ ನರಕೋಶಗಳ ಒಳಗೇ ಡಿ68 ಕುಳಿತಿದ್ದುದು ಕಂಡಿತು.

ಡಿ68ಕ್ಕೆ ಇನ್ನೊಂದು ವಿಶೇಷವಿದೆ, ಭಾರತದ ಮಟ್ಟಿಗೆ ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಹೆಸರಿನಲ್ಲಿ ಕರುಳಿನ ಬಳಗಕ್ಕೆ ಸೇರಿದ್ದರೂ ಅದರ ನಡತೆ ನೆಗಡಿ ವೈರಸ್‌ನದು. ಹೊಟ್ಟೆಯ ಆಮ್ಲ ಅದಕ್ಕೆ ಆಗಿಬರುವುದಿಲ್ಲ. ಮೈಯ 37 ಡಿಗ್ರಿಗಿಂತ ಮೂಗಿನ 33 ಡಿಗ್ರಿಯ ತಂಪೇ ಅದಕ್ಕೆ ಹಿತ. ಆದ್ದರಿಂದ ಮೂಗು, ಗಂಟಲಿನ ಮಾದರಿಯಲ್ಲಿ ಸಿಕ್ಕಷ್ಟು ಮಲದಲ್ಲಿ ಸಿಗುವುದಿಲ್ಲ.

ಕೈ–ಕಾಲು–ಬಾಯಿ ರೋಗದ ಒರಟು ನೆಂಟ

2022ರ ಬೇಸಿಗೆಯಲ್ಲಿ ಕೇರಳದ ಕೊಲ್ಲಂನಿಂದ ‘ಟೊಮೇಟೊ ಜ್ವರ’ ಎಂಬ ಸುದ್ದಿ ಎದ್ದು ಕರ್ನಾಟಕದ ಗಡಿ ಜಿಲ್ಲೆಗಳಲ್ಲೂ ಕಟ್ಟೆಚ್ಚರ ಹೊರಡಿಸಿದ್ದು ಹಲವರಿಗೆ ನೆನಪಿರಬಹುದು. ಮಕ್ಕಳ ಮೈಮೇಲೆ ಕೆಂಪು ಗುಳ್ಳೆ ಏಳುತ್ತಿದ್ದ ಆ ಜ್ವರ ಕೊನೆಗೆ ಕೈ–ಕಾಲು–ಬಾಯಿ ರೋಗವೇ ಎಂದು ತಿಳಿಯಿತು. ಅದಕ್ಕೆ ಕಾಕ್ಸಾಕಿ ಎ16ರಂಥ ಸೌಮ್ಯ ವೈರಸ್ ಕಾರಣ. ವಾರದಲ್ಲಿ ತಾನಾಗಿ ಹೋಗುತ್ತದೆ. ಟಿ.ವಿ.ಗಳು ಮಾಡಿದ ಗಲಾಟೆಗೆ ಅದು ಯೋಗ್ಯವಾಗಿರಲಿಲ್ಲ.

ಅದೇ ಗುಳ್ಳೆಗಳನ್ನು ತರುವ ಎಂಟೆರೊವೈರಸ್ ಎ71 ಮಾತ್ರ ಬೇರೆ ಜಾತಿಯದು. 1975ರಲ್ಲಿ ಬಲ್ಗೇರಿಯಾದಲ್ಲಿ ಅದು 44 ಜನರನ್ನು ಕೊಂದಾಗ ಮೊದಲು ಪೋಲಿಯೊ ಎಂದೇ ಶಂಕಿಸಿದ್ದರು. 1997ರಲ್ಲಿ ಮಲೇಷ್ಯಾದ ಸರವಾಕ್, 1998ರಲ್ಲಿ ತೈವಾನ್. ತೈವಾನ್‌ನಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಗುಳ್ಳೆ, ಬಾಯಿಹುಣ್ಣು. ಅವರಲ್ಲಿ 405 ಮಂದಿಗೆ ರೋಗ ಉಲ್ಬಣಿಸಿ 78 ಮಂದಿ ತೀರಿಕೊಂಡರು. ಎ71 ಮಿದುಳಿನ ಕಾಂಡದವರೆಗೂ ಏರುತ್ತದೆ. ಅಲ್ಲಿ ಉಸಿರಾಟ, ಎದೆಬಡಿತಗಳ ನಿಯಂತ್ರಣವೇ ಇದೆ. ನಿದ್ದೆಯಲ್ಲಿ ಮತ್ತೆ ಮತ್ತೆ ಬೆಚ್ಚಿಬೀಳುವುದು ಅದರ ಮುನ್ಸೂಚನೆಗಳಲ್ಲೊಂದು. ಪದೇ ಪದೇ ದೊಡ್ಡ ಅಲೆಗಳನ್ನು ಕಂಡ ಚೀನಾ 2015ರ ಡಿಸೆಂಬರ್‌ನಲ್ಲಿ ಇದಕ್ಕೆ ಲಸಿಕೆಗಳನ್ನು ಅನುಮೋದಿಸಿತು. ಪೋಲಿಯೊ ಬಿಟ್ಟರೆ ಈ ಬಳಗದಲ್ಲಿ ಲಸಿಕೆ ಇರುವುದು ಇದೊಂದಕ್ಕೇ.

ಹೋಲುವ ಬೇರೆ ಕಾಯಿಲೆಗಳು

ಇಂದು ಭಾರತದಲ್ಲಿ ಮಗುವಿನ ಕಾಲು ದಿಢೀರನೆ ಸೋತರೆ ಅದರ ಹಿಂದೆ ಗೀಯಾನ್–ಬಾರೆ ಸಿಂಡ್ರೋಮ್ ಇರುವ ಸಾಧ್ಯತೆಯೇ ಹೆಚ್ಚು. ಇಲ್ಲಿ ಸೂಕ್ಷ್ಮಾಣು ನೇರವಾಗಿ ನರಕೋಶವನ್ನು ಕೊಲ್ಲುವುದಿಲ್ಲ. ಭೇದಿಯೋ ಜ್ವರವೋ ಬಂದು ಹೋದ ಮೇಲೆ ದೇಹದ ರಕ್ಷಣಾ ವ್ಯವಸ್ಥೆ ಗುರಿ ತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ಎರಡೂ ಪಾದಗಳಲ್ಲಿ ಒಟ್ಟಿಗೆ ಶುರುವಾಗಿ ಮೇಲೇರುತ್ತದೆ, ಜೋಮು ಹಿಡಿಯುತ್ತದೆ. 2025ರ ಆರಂಭದಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ 200ಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಬಂದಾಗ ಕಲುಷಿತ ನೀರು ಮತ್ತು ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದತ್ತ ಬೊಟ್ಟು ಮಾಡಲಾಯಿತು. ಇದಕ್ಕೆ ಇಮ್ಯುನೊಗ್ಲೋಬುಲಿನ್ ಅಥವಾ ರಕ್ತದ ಪ್ಲಾಸ್ಮಾ ಬದಲಾವಣೆಯ ಚಿಕಿತ್ಸೆ ಇದೆ, ಹೆಚ್ಚಿನ ಮಕ್ಕಳು ಎದ್ದು ನಡೆಯುತ್ತಾರೆ. ಜಪಾನೀಸ್ ಎನ್ಸೆಫಲೈಟಿಸ್ ಸಹ ಕೆಲವೊಮ್ಮೆ ಪೋಲಿಯೊದ ವೇಷ ಹಾಕುತ್ತದೆ.

ಇನ್ನೊಂದು ನಮ್ಮ ಕಡೆಯದೇ ಸಂಗತಿ. ‘ಇಂಜೆಕ್ಷನ್ ಕೊಟ್ಟ ಮೇಲೆ ಕಾಲು ಹೋಯಿತು’ ಎಂಬ ಮಾತು ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವವರು ಒಮ್ಮೆ ಪುಸ್ತಕ ತೆರೆದು ನೋಡಬೇಕು. ಸೂಜಿ ತಪ್ಪಾದ ಜಾಗಕ್ಕೆ ಬಿದ್ದರೆ ಪೃಷ್ಠದ ದೊಡ್ಡ ನರಕ್ಕೆ ಗಾಯವಾಗಿ ಪಾದ ಇಳಿಬೀಳುತ್ತದೆ. ಅಷ್ಟೇ ಅಲ್ಲ, ಪೋಲಿಯೊ ವೈರಸ್ ಒಳಗಿರುವಾಗ ಸ್ನಾಯುವಿಗೆ ಚುಚ್ಚಿದರೆ ಅದೇ ಕಾಲಿಗೆ ಲಕ್ವ ಬರುವ ಸಾಧ್ಯತೆ ಹೆಚ್ಚುತ್ತದೆ. ಜ್ವರ ಎಂದೊಡನೆ ಸೂಜಿ ಕೇಳುವ ರೋಗಿ, ಕೇಳದಿದ್ದರೂ ಚುಚ್ಚುವ ವೈದ್ಯ, ಇಬ್ಬರೂ ಇದರಲ್ಲಿ ಪಾಲುದಾರರು.

ಮಲದ ಡಬ್ಬಿಯ ಹಿಂದಿನ ವ್ಯವಸ್ಥೆ

ಪೋಲಿಯೊ ಎಂದರೆ ಜನರಿಗೆ ನೆನಪಾಗುವುದು ಭಾನುವಾರದ ಬೂತು, ಎರಡು ಹನಿ, ಕಿರುಬೆರಳಿಗೆ ಹಚ್ಚಿದ ಶಾಯಿ. ಅದರಷ್ಟೇ ಶ್ರೇಯಸ್ಸು ಸಲ್ಲಬೇಕಾದ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದುಬಂದಿದೆ. 1997ರಲ್ಲಿ ಭಾರತ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ರಾಷ್ಟ್ರೀಯ ಪೋಲಿಯೊ ಕಣ್ಗಾವಲು ಯೋಜನೆ ಶುರುಮಾಡಿದವು. ನಿಯಮ ಸರಳ: 15 ವರ್ಷದೊಳಗಿನ ಯಾವುದೇ ಮಗುವಿನ ಯಾವುದೇ ಅಂಗ ಹಠಾತ್ತನೆ ಸೋತು ಜೋಲುಬಿದ್ದರೆ, ಕಾರಣ ಏನೇ ಇರಲಿ, ವರದಿ ಮಾಡಲೇಬೇಕು. ಇದು ಗೀಯಾನ್–ಬಾರೆ ಎಂದು ವೈದ್ಯರಿಗೆ ಖಚಿತವಿದ್ದರೂ ವಿನಾಯಿತಿ ಇಲ್ಲ. ದೊಡ್ಡಾಸ್ಪತ್ರೆಯಿಂದ ಹಿಡಿದು ಗಲ್ಲಿಯ ಕ್ಲಿನಿಕ್ಕು, ನಾಟಿ ವೈದ್ಯರವರೆಗೆ ಮಾಹಿತಿ ಕೊಡುವವರ ಸರಪಳಿ ಬೆಳೆಯಿತು.

ವರದಿ ಬಂದೊಡನೆ ಅಧಿಕಾರಿ ಮಗುವನ್ನು ನೋಡುತ್ತಾರೆ. ಲಕ್ವ ಶುರುವಾದ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ, ಎರಡು ಬಾರಿ ಮಲದ ಮಾದರಿ. ಒಂದೊಂದೂ ಸುಮಾರು 8 ಗ್ರಾಂ. ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯಬೇಕು. ಬೆಂಗಳೂರಿನ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕವೂ ಈ ಪ್ರಯೋಗಾಲಯಗಳ ಜಾಲದಲ್ಲಿದೆ. ಮಾದರಿ ತಡವಾಗಿದ್ದರೆ 60 ದಿನಗಳ ನಂತರ ಮತ್ತೆ ಮನೆಗೆ ಹೋಗಿ ಮಗುವಿನ ಕಾಲು ಸೊರಗಿದೆಯೇ ಎಂದು ನೋಡುತ್ತಾರೆ. ಗ್ರಾಮದ ಆಶಾ ಕಾರ್ಯಕರ್ತೆಗೆ, ಮಲ ಹಿಡಿಯಲು ಡಬ್ಬಿ ಕೊಟ್ಟಾಗ ಮೂಗು ಮುರಿಯುವ ಮನೆಯವರನ್ನು ಒಪ್ಪಿಸುವುದೇ ದೊಡ್ಡ ಕೆಲಸ.

ವಿಚಿತ್ರವೆಂದರೆ ಇಲ್ಲಿ ಪ್ರಕರಣ ಹೆಚ್ಚು ಸಿಕ್ಕಷ್ಟೂ ವ್ಯವಸ್ಥೆ ಚೆನ್ನಾಗಿದೆ ಎಂದರ್ಥ. ಪೋಲಿಯೊ ಇಲ್ಲದ ನಾಡಿನಲ್ಲೂ 15ರೊಳಗಿನ ಲಕ್ಷ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ ಒಂದು ಇಂಥ ಪ್ರಕರಣ ಸಿಗಲೇಬೇಕು. ಸಿಗದಿದ್ದರೆ ಯಾರೋ ಕಣ್ಣು ಮುಚ್ಚಿದ್ದಾರೆ. ಭಾರತದ ಪ್ರಮಾಣ 2011ರ ಹೊತ್ತಿಗೆ ಲಕ್ಷಕ್ಕೆ ಹತ್ತನ್ನೂ ದಾಟಿತ್ತು. ವರ್ಷಕ್ಕೆ ಹತ್ತಾರು ಸಾವಿರ ಮಕ್ಕಳು. ಅವರಲ್ಲಿ ಪೋಲಿಯೊ ಇರಲಿಲ್ಲವೆಂದು ಒಬ್ಬೊಬ್ಬರನ್ನೂ ಪರೀಕ್ಷಿಸಿ ತೋರಿಸಿದ್ದರಿಂದಲೇ 2014ರ ಪ್ರಮಾಣಪತ್ರಕ್ಕೆ ಬೆಲೆ ಬಂತು.

ಆದರೆ ಈ ಜರಡಿಯ ಕಣ್ಣುಗಳನ್ನು ಹೆಣೆದದ್ದು ಪೋಲಿಯೊವನ್ನು ಹಿಡಿಯಲು. ಮಲದಲ್ಲಿ ಪೋಲಿಯೊ ಇಲ್ಲವೆಂದು ತಿಳಿದ ಕೂಡಲೇ ಅದರ ಕೆಲಸ ಮುಗಿಯಿತು; ಹಾಗಾದರೆ ಮಗುವಿನ ಕಾಲು ಬಿದ್ದದ್ದು ಏಕೆ ಎಂಬ ಪ್ರಶ್ನೆ ಕಡತದ ಹೊರಗೇ ಉಳಿಯುತ್ತದೆ. ಮೂಗಿನಲ್ಲಿ ವಾಸಿಸುವ ಡಿ68ನ್ನು ಹುಡುಕಲು ಮಲದ ಡಬ್ಬಿ ಸಾಲದು. ಲಕ್ವದ ಮೊದಲ ದಿನವೇ ಮೂಗು, ಗಂಟಲಿನಿಂದಲೂ ಒಂದು ಮಾದರಿ ತೆಗೆದರೆ ಹೆಚ್ಚು ಖರ್ಚಿಲ್ಲ. ಕೋವಿಡ್ ನಂತರ ಪ್ರತಿ ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಗೂ ಆ ಕೈಚಳಕ ಬಂದಿದೆ. ಇಷ್ಟು ದೊಡ್ಡ ಜಾಲ ಕೈಯಲ್ಲಿದ್ದೂ ಈ ಸಣ್ಣ ಹೆಜ್ಜೆಯನ್ನು ನಿಯಮವಾಗಿಸದಿರುವುದು ಸೋಮಾರಿತನವೇ ಸರಿ.

ಆಸ್ಪತ್ರೆಯಲ್ಲಿ

ಮಗು ಎತ್ತಿಕೋ ಎಂದು ಒಂದೇ ಕೈ ಚಾಚುತ್ತಿದ್ದರೆ, ನಡೆಯುತ್ತಿದ್ದುದು ಕುಳಿತೇ ಬಿಟ್ಟರೆ, ನೀರು ಕುಡಿದರೆ ಮೂಗಿನಲ್ಲಿ ಬಂದರೆ, ದನಿ ಗೊಗ್ಗರಾದರೆ, ಮುಖ ಸೊಟ್ಟಗಾದರೆ ಬೆಳಗಾಗಲಿ ಎಂದು ಕಾಯಬಾರದು. ಎಣ್ಣೆ ತಿಕ್ಕಿ ನೋಡೋಣ ಎನ್ನುವ ಒಂದೆರಡು ದಿನದಲ್ಲೇ ಉಸಿರಾಟದ ಸ್ನಾಯುಗಳೂ ಸೋಲಬಹುದು. ತೀವ್ರ ನಿಗಾ ಘಟಕ, ವೆಂಟಿಲೇಟರ್ ಇರುವ ಕಡೆಗೇ ನೇರ ಹೋಗುವುದು ಒಳ್ಳೆಯದು.

ಅಲ್ಲಿ ಎಂಆರ್‌ಐ ಮಾಡುತ್ತಾರೆ. ಎಎಫ್‌ಎಂ ಆಗಿದ್ದರೆ ಮಿದುಳುಬಳ್ಳಿಯ ಬೂದು ಭಾಗದುದ್ದಕ್ಕೂ ಬಿಳಿ ಗೆರೆ ಎದ್ದು ಕಾಣುತ್ತದೆ. ಮೊದಲ ಎರಡು ಮೂರು ದಿನ ಅದು ಕಾಣದೆಯೂ ಇರಬಹುದು, ಆಗ ಮತ್ತೊಮ್ಮೆ ತೆಗೆಯಬೇಕು. ಬೆನ್ನಿನಿಂದ ನೀರು ತೆಗೆಯುವುದೆಂದರೆ ಮನೆಯವರಿಗೆ ಭಯ, ಅದರಿಂದಲೇ ಕಾಲು ಹೋಗುತ್ತದೆಂಬ ಸಂಶಯ. ಆದರೆ ಸೂಜಿ ಇಳಿಸುವುದು ಮಿದುಳುಬಳ್ಳಿ ಮುಗಿದ ಮೇಲಿನ ಕೆಳಸೊಂಟದಲ್ಲಿ. ಆ ನೀರಿನಲ್ಲಿ ಬಿಳಿ ರಕ್ತಕಣ ಹೆಚ್ಚಿದ್ದರೆ ವೈರಸ್‌ನ ದಾಳಿ ಎಂಬ ಅನುಮಾನ ಗಟ್ಟಿಯಾಗುತ್ತದೆ. ಕಣ ಹೆಚ್ಚದೆ ಪ್ರೋಟೀನ್ ಮಾತ್ರ ಏರಿದ್ದರೆ ಗೀಯಾನ್–ಬಾರೆ ಕಡೆಗೆ ವಾಲುತ್ತದೆ. ಇವೆರಡನ್ನು ಬೇರ್ಪಡಿಸುವುದರ ಮೇಲೆ ಚಿಕಿತ್ಸೆ ನಿಂತಿದೆ.

ಡಿ68ಕ್ಕೆ ನಿರ್ದಿಷ್ಟ ಔಷಧವಿಲ್ಲ. ಇಮ್ಯುನೊಗ್ಲೋಬುಲಿನ್, ಸ್ಟೆರಾಯ್ಡ್, ಪ್ಲಾಸ್ಮಾ ಬದಲಾವಣೆ ಎಲ್ಲವನ್ನೂ ಪ್ರಯತ್ನಿಸಿದ್ದಾರೆ, ಯಾವುದರ ಗುಣವೂ ಸ್ಪಷ್ಟವಾಗಿ ಸಾಬೀತಾಗಿಲ್ಲ. ಪ್ರಯೋಗಾಲಯದಲ್ಲಿ ಈ ವೈರಸ್ಸನ್ನು ತಡೆದ ಫ್ಲುಯೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಮಕ್ಕಳಲ್ಲಿ ಉಪಯೋಗಕ್ಕೆ ಬರಲಿಲ್ಲ. ಹೀಗಾಗಿ ಉಳಿಯುವುದು ಉಸಿರಿಗೆ ಆಸರೆ, ನೋವಿಗೆ ಮದ್ದು, ನಂತರ ತಿಂಗಳುಗಟ್ಟಲೆ ಫಿಸಿಯೊಥೆರಪಿ. ಕೀಲು ಸೆಟೆದುಕೊಳ್ಳದಂತೆ ದಿನವೂ ಆಡಿಸುವುದು, ಪಟ್ಟಿ ಕಟ್ಟುವುದು, ಬದುಕುಳಿದ ಸ್ನಾಯುವಿಗೆ ಕೆಲಸ ಕೊಡುವುದು. ಹೆಚ್ಚಿನ ಮಕ್ಕಳಿಗೆ ಸ್ವಲ್ಪವಾದರೂ ಶಕ್ತಿ ಮರಳುತ್ತದೆ. ಪೂರ್ತಿ ಮೊದಲಿನಂತಾಗುವವರು ಕಡಿಮೆ. ಬೆರಳು, ಮುಂಗೈ ಬೇಗ ಚೇತರಿಸಿಕೊಂಡರೂ ಭುಜ ಹಟ ಹಿಡಿಯುತ್ತದೆ.

ಅಂಥ ಭುಜಕ್ಕಾಗಿ ಕೆಲವು ಕೇಂದ್ರಗಳಲ್ಲಿ ನರ ಜೋಡಣೆಯ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕೆಲಸ ಮಾಡುತ್ತಿರುವ ಸ್ನಾಯುವೊಂದರ ನರದಿಂದ ಒಂದು ಕವಲನ್ನು ತೆಗೆದು ಸತ್ತ ನರದ ತುದಿಗೆ ಹೊಲಿಯುವ ವಿಧಾನ ಅದು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆದು ಸ್ನಾಯುವನ್ನು ಮುಟ್ಟಬೇಕು, ಅಷ್ಟರೊಳಗೆ ಸ್ನಾಯು ಪೂರ್ತಿ ಕರಗಿರಬಾರದು. ಆದ್ದರಿಂದ ಇನ್ನಷ್ಟು ಕಾದು ನೋಡೋಣ ಎಂದು ವರ್ಷಗಳನ್ನು ಕಳೆದರೆ ಆ ದಾರಿಯೂ ಮುಚ್ಚುತ್ತದೆ. ಲಕ್ವ ಬಂದ ಮೊದಲ ಆರೇಳು ತಿಂಗಳಲ್ಲೇ ಶಸ್ತ್ರವೈದ್ಯರನ್ನು ಕಾಣುವುದು ಲೇಸೆಂದು ಈ ಕೆಲಸ ಮಾಡುವವರು ಹೇಳುತ್ತಾರೆ.